ಉಕ್ಕಿನ ಬಳೆಗಳ ಒಳಲಂಗ

ಅಮೆರಿಕಕ್ಕೆ ಹೊರಟಾಗ ನನ್ನ ಸೂಟ್‌ಕೇಸಿನಲ್ಲಿದ್ದ ಒಳಲಂಗಗಳಿಗೆಲ್ಲ ಅಮ್ಮ ಹೊಸ ಲಾಡಿ ಪೋಣಿಸಿ ಕೊಟ್ಟಿದ್ದಳು. ಅಲ್ಲಿ ಲಾಡಿ ಸಿಗುತ್ತದೋ ಇಲ್ಲವೋ ಎಂಬುದು ಅವಳ ದೊಡ್ಡ ಚಿಂತೆ. ನ್ಯೂಜೆರ್ಸಿಯಲ್ಲಿ ಲಾಡಿ ಸಿಗುತ್ತಿತ್ತು, ಒಗ್ಗರಣೆಗೆ ಕರಿಬೇವೂ ಸಿಗುತ್ತಿತ್ತು. ನನಗೆ ಸಿಗದೇ ಇದ್ದದ್ದು ಕೆಲಸ ಮಾಡುವ ಅನುಮತಿಯೊಂದೇ.

ಅದು ವೈಟುಕೆ ಜ್ವರದ ಕಾಲ. ಇಸವಿ ಎರಡು ಸಾವಿರಕ್ಕೆ ಮಗುಚಿದ ದಿನ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂಬ ಹೆದರಿಕೆಯಲ್ಲಿ ಕಂಪನಿಗಳು ನಮ್ಮ ಕಡೆಯ ಹುಡುಗರನ್ನು ಕರೆಕರೆದು ಕೂರಿಸಿಕೊಳ್ಳುತ್ತಿದ್ದವು. ನನ್ನ ಗಂಡ ಪ್ರಿನ್ಸ್‌ಟನ್ ಹತ್ತಿರದ ನಮ್ಮ ಅಪಾರ್ಟ್‌ಮೆಂಟಿನಿಂದ ದಿನಾ ರೈಲು ಹಿಡಿದು ಮ್ಯಾನ್‌ಹ್ಯಾಟನ್‌ಗೆ ಹೋಗಿ ಬರುತ್ತಿದ್ದರು. ನಾನು ಎಚ್-ಫೋರ್ ವೀಸಾದ ಹೆಂಡತಿ. ಗಂಡನ ಬಾಲ ಹಿಡಿದು ಬಂದವಳು ಎಂದು ಸರ್ಕಾರವೇ ಪಾಸ್‌ಪೋರ್ಟಿನಲ್ಲಿ ಅಂಟಿಸಿ ಕೊಟ್ಟಿತ್ತು. ದುಡಿಯುವ ಹಾಗಿಲ್ಲ, ಆದರೆ ಕೋರ್ಸ್ ಮಾಡಬಹುದು. ಹಾಗಾಗಿ ನಮ್ಮವರು ಎಲ್ಲಿ ಸೇರಿದರೂ ಹೆಂಗಸರಿಗೆ ಮೊದಲ ಪ್ರಶ್ನೆ, "ನೀವ್ಯಾವ ಕೋರ್ಸ್ ಮಾಡ್ತಿದ್ದೀರಾ?" ಒಬ್ಬಳು ಸಾಫ್ಟ್‌ವೇರ್ ಟೆಸ್ಟಿಂಗ್ ಅನ್ನುವಳು, ಇನ್ನೊಬ್ಬಳು ಜಾವಾ ಅನ್ನುವಳು. ನಾನು ಮೈಸೂರಿನಲ್ಲಿ ಹೋಮ್ ಸೈನ್ಸ್ ಓದಿದವಳು, ಅದರಲ್ಲೂ ಬಟ್ಟೆ ಮತ್ತು ಉಡುಪು ನನ್ನ ವಿಷಯ. "ಅನ್ನ ಬೇಯಿಸೋಕೂ ಡಿಗ್ರಿ ಬೇಕೇನಮ್ಮ?" ಎಂದು ನನ್ನ ಮಾವನವರು ಹೆಣ್ಣು ನೋಡಲು ಬಂದ ದಿನವೇ ನಕ್ಕಿದ್ದರು. ಆಗ ನಾನೂ ನಕ್ಕಿದ್ದೆ. ಈಗಾದರೆ ಎದ್ದು ಒಳಗೆ ಹೋಗುತ್ತಿದ್ದೆ.

ಪಕ್ಕದ ಊರಿನಲ್ಲಿ ಹಳೆಯ ಗಿರಣಿ ಮಾಲೀಕರೊಬ್ಬರ ಮನೆಯನ್ನು ಊರಿನವರೇ ಸೇರಿ ಮ್ಯೂಸಿಯಂ ಮಾಡಿಟ್ಟಿದ್ದರು. ಒಂದು ಚಳಿಗಾಲದ ಮಧ್ಯಾಹ್ನ ಬಸ್ಸಿಗೆ ಕಾದು ಕಾದು ಕಾಲು ಮರಗಟ್ಟಿ, ಬೆಚ್ಚಗಿದ್ದರೆ ಸಾಕು ಎಂದು ಅದರೊಳಗೆ ನುಗ್ಗಿದೆ. ಮಹಡಿಯ ಒಂದು ಕೋಣೆಯಲ್ಲಿ, ಗಾಜಿನ ಹಿಂದೆ, ಅದು ನೇತಾಡುತ್ತಿತ್ತು. ಸೊಂಟಕ್ಕೊಂದು ಪಟ್ಟಿ, ಅದರಿಂದ ಇಳಿಬಿದ್ದ ಬಟ್ಟೆಯ ನಾಡೆಗಳು, ಆ ನಾಡೆಗಳು ಹಿಡಿದುಕೊಂಡ ಉಕ್ಕಿನ ಬಳೆಗಳು. ಮೇಲೆ ಚಿಕ್ಕ ಬಳೆ, ಕೆಳಗೆ ಹೋದಂತೆ ದೊಡ್ಡದು. ಕೋಳಿ ಮರಿಗಳ ಮೇಲೆ ಕವುಚುವ ಪಂಜರದಂತಿತ್ತು. ಕಾಲೇಜಿನ ಪುಸ್ತಕದಲ್ಲಿ ಒಂದೇ ಒಂದು ಪ್ಯಾರಾದಲ್ಲಿ ಓದಿ ಪರೀಕ್ಷೆಗೆ ಉರುಹೊಡೆದಿದ್ದ ಕ್ರಿನೋಲಿನ್ ಅದು. ರಾಣಿ ವಿಕ್ಟೋರಿಯಾ ಕಾಲದ ಹೆಂಗಸರು ಗೌನಿನ ಒಳಗೆ ತೊಡುತ್ತಿದ್ದ ಒಳಲಂಗ.

ಉಡುಪಿನ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಅಮೆರಿಕನ್ ಅಜ್ಜಿ ನಾನು ಗಾಜಿಗೆ ಮೂಗು ಒತ್ತಿ ನಿಂತಿದ್ದು ಕಂಡು ಹತ್ತಿರ ಬಂದರು. ಇದರ ಒಳಭಾಗ ನೋಡಬಹುದೇ ಎಂದು ಕೇಳಿದೆ. ಹೊಲಿಗೆ ಬರುತ್ತದೆಯೇ ಎಂದು ಅವರು ಕೇಳಿದರು. ಅಷ್ಟೇ ಆದದ್ದು. ವಸಂತದಲ್ಲಿ ಅವರಲ್ಲಿ ಉಡುಪಿನ ಭಾನುವಾರ ಎಂಬುದೊಂದು ನಡೆಯುತ್ತಿತ್ತು. ಆ ಕಾಲದ ಹೆಂಗಸು ಹೇಗೆ ಪದರ ಪದರವಾಗಿ ಬಟ್ಟೆ ತೊಡುತ್ತಿದ್ದಳು ಎಂದು ಜನರಿಗೆ ತೋರಿಸುವ ಕಾರ್ಯಕ್ರಮ. ಗಾಜಿನೊಳಗಿನದು ತುಕ್ಕು ಹಿಡಿದ ಅಸಲು, ಮುಟ್ಟಿದರೆ ಉದುರುತ್ತದೆ. ಅದರ ನಕಲು ಹೊಲಿದುಕೊಡುವವರು ಬೇಕಿತ್ತು. ಸಂಬಳವಿಲ್ಲದ ಸೇವೆಗೆ ವೀಸಾದ ಅಡ್ಡಿಯಿಲ್ಲ. ನಾನು ಒಪ್ಪಿಕೊಂಡು ಮನೆಗೆ ಕುಣಿದುಕೊಂಡೇ ಬಂದೆ.

ಮೊದಲ ಲಂಗವನ್ನು ನಾನು ಕೆಡಿಸಿದೆ. ಸೀರೆ ಉಡುವವಳು ಮಾತ್ರ ಮಾಡಬಹುದಾದ ತಪ್ಪು ಅದು. ಒಳಲಂಗ ನೆಲದಿಂದ ಬೆರಳೆರಡು ಮೇಲಿರಬೇಕು, ಗಿಡ್ಡವಾದರೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ಅಮ್ಮ ನನಗೆ ಸೀರೆ ಉಡಲು ಕಲಿಸುವಾಗಲೇ ತಲೆಗೆ ತುಂಬಿದ್ದಳು. ಆ ಲೆಕ್ಕದಲ್ಲಿ ಕೊನೆಯ ಉಕ್ಕಿನ ಬಳೆಯನ್ನು ಪಾದದ ಗಂಟಿನವರೆಗೆ ಇಳಿಸಿಬಿಟ್ಟಿದ್ದೆ. ತೊಟ್ಟು ಹೆಮ್ಮೆಯಿಂದ ಒಂದು ಹೆಜ್ಜೆ ಇಟ್ಟೆ, ಹೆಬ್ಬೆರಳು ಬಳೆಗೆ ಸಿಕ್ಕಿ ಅಜ್ಜಿಯ ಮೇಲೇ ಬಿದ್ದೆ. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಅಸಲು ಎಲ್ಲಿಗೆ ನಿಲ್ಲುತ್ತದೆಂದು ಗಾಜಿನ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಮೊಣಕಾಲಿಗೂ ಪಾದಕ್ಕೂ ನಡುವೆಯೇ ಬಳೆಗಳು ಮುಗಿಯುತ್ತಿದ್ದವು. ಉಳಿದದ್ದನ್ನು ಮೇಲಿನ ಬಟ್ಟೆ ನೋಡಿಕೊಳ್ಳುತ್ತಿತ್ತು. ಇದು ಮೈಗೆ ಅಂಟುವ ಲಂಗವಲ್ಲ, ಬಟ್ಟೆಯನ್ನು ಮೈಯಿಂದ ದೂರ ಹಿಡಿಯುವ ಚೌಕಟ್ಟು ಎಂಬುದು ನನಗೆ ಹೊಳೆದದ್ದು ಬಿದ್ದ ಮೇಲೆಯೇ.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಊರಿನ ಲೈಬ್ರರಿಯಿಂದ ಪುಸ್ತಕ ಹೊತ್ತು ತಂದೆ. ಬಳೆ ಕಟ್ಟಿ ಲಂಗ ಉಬ್ಬಿಸುವುದು ವಿಕ್ಟೋರಿಯಾಳ ಕಾಲಕ್ಕೂ ಹಳೆಯದು. ಅದಕ್ಕೆ ಮುಂಚಿನ ಶತಮಾನಗಳಲ್ಲಿ ಬೆತ್ತ ಬಗ್ಗಿಸಿ, ತಿಮಿಂಗಿಲದ ಬಾಯೊಳಗಿನ ಪಟ್ಟಿಗಳನ್ನು ಸೀಳಿ ಬಳೆ ಮಾಡುತ್ತಿದ್ದರು. ನಡುವೆ ಬಳೆಗಳು ಮಾಯವಾದವು. ಆಗ ಲಂಗ ಅಗಲವಾಗಿ ಕಾಣಬೇಕೆಂದರೆ ಗಂಜಿ ಹಾಕಿದ ಒಳಲಂಗಗಳನ್ನು ಒಂದರ ಮೇಲೊಂದು ತೊಡಬೇಕು, ಅದರ ಜೊತೆಗೆ ಕುದುರೆ ಕೂದಲು ಸೇರಿಸಿ ನೇಯ್ದ ಬಿರುಸು ಬಟ್ಟೆಯದೊಂದು. ಕ್ರಿನೋಲಿನ್ ಎಂಬ ಹೆಸರು ಬಂದದ್ದೇ ಆ ಕುದುರೆ ಕೂದಲಿನಿಂದ. ಇಷ್ಟೆಲ್ಲ ಭಾರ ಸೊಂಟದ ಮೇಲೆ ಜೋತಾಡುತ್ತಿತ್ತು. ಮದುವೆಯ ದಿನ ಧಾರೆ ಸೀರೆಯುಟ್ಟು ಹೊಗೆಯ ಮುಂದೆ ಕೂತವರಿಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿಗೆ ತೆಳ್ಳಗಿನ ಉಕ್ಕಿನ ಪಟ್ಟಿ ಬಂದು ಆ ಹೊರೆಯನ್ನೆಲ್ಲ ಇಳಿಸಿತು. ಕಾಲಿಗೆ ಏನೂ ತಾಗುವುದಿಲ್ಲ, ಒಳಗೆ ಗಾಳಿಯಾಡುತ್ತದೆ, ಕೂರುವಾಗ ಬಳೆಗಳು ಒಂದರೊಳಗೊಂದು ಮಡಚಿಕೊಳ್ಳುತ್ತವೆ.

ಹೊರಗಿನಿಂದ ನೋಡಿದವರು ಅದನ್ನು ಸೆರೆಮನೆ ಅಂದರು. ತೊಟ್ಟವರು ಹಾಗೆ ಅನ್ನಲಿಲ್ಲ. ಒಡತಿಯೂ ತೊಟ್ಟಳು, ಅವಳ ಮನೆಯ ಕೆಲಸದವಳೂ ತೊಟ್ಟಳು, ಇದನ್ನು ಕಂಡು ಒಡತಿಯ ಹೊಟ್ಟೆ ಉರಿಯಿತು. ಅಪಾಯ ಇರಲಿಲ್ಲವೆಂದಲ್ಲ. ಬೆಂಕಿಗೂಡಿನ ಹತ್ತಿರ ಹೋದವಳ ಲಂಗಕ್ಕೆ ಕಿಡಿ ತಾಗಿದರೆ ಅವಳಿಗೇ ಗೊತ್ತಾಗುತ್ತಿರಲಿಲ್ಲ. ಎಷ್ಟೋ ಜನ ಸುಟ್ಟುಹೋದರು. ಗಂಡಸರಿಗೆ ಮಾತ್ರ ಇನ್ನೊಂದೇ ದುಃಖ. ಬಂಡಿಯಲ್ಲಿ ತಮಗೆ ಜಾಗವಿಲ್ಲ, ಸೋಫಾದಲ್ಲಿ ಜಾಗವಿಲ್ಲ, ಹೆಂಡತಿಯ ಪಕ್ಕ ನಿಲ್ಲಲೂ ಜಾಗವಿಲ್ಲ ಎಂದು ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರ ಬರೆದು ಬರೆದು ಸುಸ್ತಾದರು. ಹೆಂಗಸರು ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ತಮಗೆ ಸಾಕೆನಿಸುವವರೆಗೆ ತೊಟ್ಟರು. ಆಮೇಲೆ ಮುಂಭಾಗ ಚಪ್ಪಟೆಯಾಯಿತು, ಉಬ್ಬು ಹಿಂದಕ್ಕೆ ಸರಿಯಿತು, ಕೊನೆಗೆ ಬಳೆಗಳೂ ಹೋದವು.

ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳುತ್ತಿದ್ದೆ. ಅವರು "ಹೂಂ" ಅನ್ನುತ್ತಿದ್ದರು. ಒಂದು ದಿನ ಫೋನಿನಲ್ಲಿ ತಮ್ಮ ಆಫೀಸಿನ ಗೆಳೆಯರೊಬ್ಬರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಆ ಗೆಳೆಯರೂ ಮೈಸೂರಿನವರೇ, ಲಾಂಗ್ ಐಲೆಂಡಿನ ಹಿಕ್ಸ್‌ವಿಲ್‌ನಲ್ಲಿ ಮನೆ ಮಾಡಿದ್ದರು.

"ಅವಳಾ? ಟೆಸ್ಟಿಂಗ್ ಕೋರ್ಸ್ ಜಾಯಿನ್ ಆಗಿದ್ದಾಳೆ. ಹೌದು, ವೀಕೆಂಡೂ ಕ್ಲಾಸ್ ಇರತ್ತೆ."

ಫೋನ್ ಇಟ್ಟ ಮೇಲೆ ಕೇಳಿದೆ. "ಯಾವ ಟೆಸ್ಟಿಂಗ್ ರೀ?"

"ಮತ್ತೇನು ಹೇಳ್ಲಿ? ದೊರೆಸಾನಿಯರ ಒಳಲಂಗ ಹೊಲೀತಾಳೆ ಅನ್ಲಾ?"

"ಮ್ಯೂಸಿಯಮ್ಮಲ್ಲಿ ಕೆಲಸ ಕಲೀತಿದ್ದಾಳೆ ಅನ್ನಿ."

"ಸಂಬಳ ಎಷ್ಟು ಅಂತ ಕೇಳ್ತಾರೆ ಕಣೆ. ಬಿಡು, ನಿಂಗೆ ಗೊತ್ತಾಗಲ್ಲ."

ಬಿಟ್ಟೆ. ಹೊರಗಿನವರಿಗೆ ಏನಾದರೂ ಹೇಳಿಕೊಳ್ಳಲಿ, ಬಂದು ಕಣ್ಣಾರೆ ನೋಡಿದರೆ ತಾವೇ ಸರಿಹೋಗುತ್ತಾರೆ ಎಂದುಕೊಂಡೆ. ಏಕೆಂದರೆ ಅಷ್ಟರಲ್ಲಿ ಅಜ್ಜಿ ಒಂದು ದೊಡ್ಡ ಮಾತು ಹೇಳಿದ್ದರು. ಆ ಭಾನುವಾರ ಲಂಗ ತೊಟ್ಟು ನಿಲ್ಲುವುದಷ್ಟೇ ಅಲ್ಲ, ಕ್ರಿನೋಲಿನ್ನಿನ ಕತೆಯನ್ನು ಜನರಿಗೆ ನಾನೇ ಹೇಳಬೇಕು ಎಂದಿದ್ದರು. ಆ ದೇಶಕ್ಕೆ ಬಂದ ಮೇಲೆ ನನ್ನನ್ನು ಯಾರಾದರೂ ಮಾತಾಡು ಎಂದು ಕರೆದದ್ದು ಅದೇ ಮೊದಲು. ಆ ದಿನ ನನ್ನ ಗಂಡ ಜನರ ನಡುವೆ ನಿಂತಿರಬೇಕು, ಪಕ್ಕದವರಿಗೆ "ಇವಳು ನನ್ನ ಹೆಂಡತಿ" ಅನ್ನಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ. ಬಾಯಿಬಿಟ್ಟು ಕೇಳಿಯೂ ಕೇಳಿದೆ.

"ಬರ್ತೀರಾ ತಾನೆ?"

"ಬರ್ತೀನಿ ಕಣೆ, ಖಂಡಿತ ಬರ್ತೀನಿ. ಇದಕ್ಕೂ ಆಣೆ ಮಾಡ್ಬೇಕಾ?"

ಭಾನುವಾರ ಬಂತು. ಮ್ಯೂಸಿಯಂನ ಹಜಾರದಲ್ಲಿ ಮೊಣಕಾಲೆತ್ತರದ ವೇದಿಕೆ, ಸುತ್ತ ಹಗ್ಗ. ಕುತ್ತಿಗೆಯವರೆಗೆ ಗುಂಡಿ ಹಾಕಿದ ತುಂಬು ತೋಳಿನ ರವಿಕೆ, ಪಾದದವರೆಗೆ ಹತ್ತಿಯ ಲಂಗ, ಅದರ ಮೇಲೆ ನಾನೇ ಹೊಲಿದ ಉಕ್ಕಿನ ಬಳೆಗಳು. ತಲೆಗೂದಲನ್ನು ನಡುಬೈತಲೆ ತೆಗೆದು ಬಲೆಯೊಳಗೆ ಕಟ್ಟಿದ್ದರು. ಸೊಂಟಪಟ್ಟಿಗೆ ಅಜ್ಜಿ ಕೊಂಡಿ ತಂದಿದ್ದರೂ ನಾನು ಬೇಡವೆಂದು ಅಮ್ಮ ಕೊಟ್ಟ ಲಾಡಿಯನ್ನೇ ಪೋಣಿಸಿದ್ದೆ. ಆ ಗಂಟಿನ ಮೇಲೆ ನನಗೆ ಭರವಸೆ. ಮೇಲಿನ ಗೌನು ಪಕ್ಕದ ಕುರ್ಚಿಯ ಮೇಲಿತ್ತು, ಮಾತು ಮುಗಿದ ಮೇಲೆ ತೊಡುವುದಕ್ಕೆ.

ಮಾತು ಶುರು ಮಾಡುವ ಹೊತ್ತಿಗೆ ಬಾಗಿಲಲ್ಲಿ ನನ್ನ ಗಂಡ ಕಾಣಿಸಿದರು. ಬಂದರಲ್ಲ! ನನಗೆ ಕಣ್ಣಲ್ಲಿ ನೀರೇ ಬಂತು. ನಾನು ನಕ್ಕೆ. ಅವರು ನನ್ನನ್ನೇ ನೋಡಿ, ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದರು. ಅವರ ಹಿಂದೆಯೇ ಹಿಕ್ಸ್‌ವಿಲ್‌ನ ಗೆಳೆಯರು, ಅವರ ಹೆಂಡತಿ, ಪುಟ್ಟ ಮಗಳು ಒಳಗೆ ಬಂದರು. ಹೇಳದೆ ಕೇಳದೆ ನಮ್ಮ ಮನೆಗೆ ಬಂದಿಳಿದಿದ್ದರಂತೆ, ಪ್ರಿನ್ಸ್‌ಟನ್ ತೋರಿಸಲು ಕರೆದೊಯ್ಯುವಾಗ ದಾರಿಯಲ್ಲಿ ಮ್ಯೂಸಿಯಂ ಬೋರ್ಡು ನೋಡಿ ಗೆಳೆಯರ ಹೆಂಡತಿ, ಆ ಅಕ್ಕನೇ, ಕಾರು ನಿಲ್ಲಿಸಿದ್ದಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು.

ನಾನು ಇಂಗ್ಲಿಷಿನಲ್ಲಿ ಗಂಜಿ ಹಾಕಿದ ಒಳಲಂಗಗಳ ಭಾರದ ಕತೆ ಹೇಳುತ್ತಿದ್ದೆ. ಅಮೆರಿಕದಲ್ಲಿ ನಮ್ಮವರಿಗೊಂದು ಧೈರ್ಯವಿದೆ. ಸುತ್ತ ಎಷ್ಟೇ ಜನರಿರಲಿ, ಕನ್ನಡದಲ್ಲಿ ಆಡಿದ ಮಾತು ಬಾಗಿಲು ಹಾಕಿಕೊಂಡು ಆಡಿದಂತೆ ಎಂದು ತಿಳಿದಿರುತ್ತಾರೆ. ದನಿ ತಗ್ಗಿಸುವುದೇ ಇಲ್ಲ. ಹಾಗೆಯೇ ಆ ಅಕ್ಕನ ದನಿ ಹಜಾರದ ಈ ತುದಿಗೆ ಸ್ಪಷ್ಟವಾಗಿ ಕೇಳಿತು. ಅವರು ನನ್ನನ್ನು ನೋಡಿದ್ದು ಒಮ್ಮೆ ಮಾತ್ರ, ಯುಗಾದಿಯ ಗದ್ದಲದಲ್ಲಿ, ರೇಷ್ಮೆ ಸೀರೆಯಲ್ಲಿ.

"ನೋಡ್ರೀ, ಅದು ನಿಮ್ಮ ಮನೆಯವ್ರ ಥರ ಇಲ್ವಾ?"

"ಛೆ ಛೆ, ಅವಳು ಕ್ಲಾಸಿಗೆ ಹೋಗಿದ್ದಾಳೆ. ಇದ್ಯಾರೋ ಗುಜರಾತಿ ಇರ್ಬೇಕು."

"ಹೌದಾ? ಮುಖ ಹಾಗೇ ಇದೆಯಪ್ಪ."

"ಇಲ್ಲ ಇಲ್ಲ. ನನ್ನ ಹೆಂಡ್ತಿ ಹೀಗೆಲ್ಲ ನಿಂತ್ಕೋತಾಳಾ?"

ಆ ದೊಡ್ಡವರು ಮೂವರನ್ನು ಬಿಟ್ಟರೆ ಆ ಹಜಾರದಲ್ಲಿ ಈ ಮಾತು ಅರ್ಥವಾದದ್ದು ನನಗೊಬ್ಬಳಿಗೇ. ನನ್ನ ಗಂಡನಿಗೂ ಅದು ಗೊತ್ತಿತ್ತು, ಅದಕ್ಕೇ ಅವರು ನನ್ನ ಕಡೆ ತಿರುಗಲಿಲ್ಲ. "ಬನ್ನಿ, ಲೇಟ್ ಆದ್ರೆ ಪಾರ್ಕಿಂಗ್ ಸಿಗಲ್ಲ" ಎಂದು ಅವರನ್ನು ಹೊರಡಿಸಿಕೊಂಡು ಹೋದರು. ನನ್ನ ಕಾಲು ಅವರ ಹಿಂದೆ ಓಡಬೇಕೆಂದಿತು. ಬಳೆ ಲಂಗ ತೊಟ್ಟವಳು ಓಡುವ ಹಾಗಿಲ್ಲ. ಬಾಗಿಲು ದಾಟಬೇಕಾದರೆ ಒಂದು ಪಕ್ಕದ ಬಳೆಗಳನ್ನು ಕೈಯಿಂದ ಒತ್ತಿ ಎತ್ತಿ ಓರೆಯಾಗಿ ನುಸುಳಬೇಕು. ಅದನ್ನು ಜನರಿಗೆ ಮಾಡಿ ತೋರಿಸುವುದೂ ಅಂದಿನ ಪಾಠದಲ್ಲಿತ್ತು. ತೋರಿಸಿದೆ. ಗಂಡಸರ ವ್ಯಂಗ್ಯಚಿತ್ರಗಳ ಕತೆ ಹೇಳಿದಾಗ ಎಲ್ಲರೂ ನಕ್ಕರು. ಚಪ್ಪಾಳೆಯೂ ಬಂತು. ಅಜ್ಜಿ ಅಪ್ಪಿಕೊಳ್ಳಲು ಬಂದವರು ಬಳೆಗಳು ಅಡ್ಡವಾಗಿ ಕೈ ಮಾತ್ರ ಹಿಡಿದುಕೊಂಡರು. ನನ್ನ ಎದೆಯೊಳಗೆ ಬೆಂಕಿ ಬಿದ್ದದ್ದು ಅವರಿಗೆ ಹೇಗೆ ಗೊತ್ತಾಗಬೇಕು!

ಮನೆಗೆ ಬಂದು ಜಗಳಕ್ಕೇ ನಿಂತೆ.

"ಒಳಲಂಗದಲ್ಲಿ ನಿಂತಿದ್ದೆಯಲ್ಲೇ! ನಾನೇನ್ ಹೇಳ್ಬೇಕಿತ್ತು?"

"ಸೀರೇಲಿ ಕಾಣೋ ಸೊಂಟಾನೂ ಕಾಣ್ತಿರ್ಲಿಲ್ಲ ರೀ ನಂದು. ನನ್ನ ಹೆಂಡ್ತಿ ಅಂತ ಹೇಳ್ಬೇಕಿತ್ತು."

"ಟೆಸ್ಟಿಂಗ್ ಕೋರ್ಸ್ ಅಂತ ಮೊದ್ಲೇ ಹೇಳ್ಬಿಟ್ಟಿದ್ದೆ. ಸಿಕ್ಕಿ ಹಾಕ್ಕೊಂಡೆ, ಅಷ್ಟೇ. ಇಷ್ಟು ದೊಡ್ಡದು ಮಾಡ್ಬೇಡ."

ತಾವೇ ಕಟ್ಟಿದ ಸುಳ್ಳನ್ನು ಉಳಿಸಿಕೊಳ್ಳಲು ನನ್ನನ್ನು ಬಿಟ್ಟುಕೊಟ್ಟಿದ್ದರು. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು ಇನ್ನೊಂದು ಕಾಣಲಿಲ್ಲ. ಮದುವೆಯಲ್ಲಿ ಅಗ್ನಿಯ ಮುಂದೆ ಕೈ ಹಿಡಿದವರು ಗೆಳೆಯನ ಹೆಂಡತಿಯ ಮುಂದೆ ಕೈ ಬಿಟ್ಟರಲ್ಲ ಎಂದು ಒಳಗೊಳಗೇ ಕುದಿದೆ. ಅಡುಗೆ ಮಾಡಿದೆ, ಬಡಿಸಿದೆ, ಮಾತು ಬಿಟ್ಟೆ.

ಕೆಲವು ವಾರಗಳ ನಂತರ ಹಿಕ್ಸ್‌ವಿಲ್‌ನವರು, ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿಗೆ ಕರೆದರು. ನಾನು ಬಿಸಿಬೇಳೆಬಾತಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಸೇತುವೆಗಳ ಟ್ರಾಫಿಕ್ಕಿನಲ್ಲಿ ಕೂತು ಹೋದೆ. ಕಾರಿನ ಡಿಕ್ಕಿಯಲ್ಲಿ ನನ್ನ ಬಳೆ ಲಂಗ ಮಡಚಿ ಮಲಗಿತ್ತು. ಎರಡು ನಾಡೆಗಳ ಹೊಲಿಗೆ ಬಿಟ್ಟಿತ್ತೆಂದು ಸರಿಮಾಡಲು ತಂದವಳು ಡಿಕ್ಕಿಯಿಂದ ತೆಗೆಯುವುದನ್ನೇ ಮರೆತಿದ್ದೆ.

ಅವರ ಮನೆಯ ಬೇಸ್‌ಮೆಂಟಿನಲ್ಲಿ ಏಳೆಂಟು ಸಂಸಾರ ಸೇರಿತ್ತು. ತಟ್ಟೆ ಹಿಡಿದು ನಿಂತಾಗ ಆ ಅಕ್ಕ ನನ್ನ ಮುಖವನ್ನೇ ನೋಡುತ್ತ ಹತ್ತಿರ ಬಂದರು.

"ಏನ್ ಗೊತ್ತಾ, ಅವತ್ತು ನಿಮ್ಮೂರ ಹತ್ರ ಮ್ಯೂಸಿಯಮ್ಮಲ್ಲಿ ಥೇಟ್ ನಿಮ್ಮ ಹಾಗೇ ಒಬ್ಬಳನ್ನ ನೋಡಿದ್ವಿ. ಅದೇನೋ ಪಂಜರ ಹಾಕ್ಕೊಂಡು ನಿಂತಿದ್ಲು. ನಿಮ್ಮ ಯಜಮಾನ್ರು ಅಲ್ಲವೇ ಅಲ್ಲ ಅಂದ್ಬಿಟ್ರು."

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಅದು ನಾನೇ ಅಕ್ಕ."

ಸಾರಿನ ಸೌಟು ಹಿಡಿದವರು ಸೌಟು ಹಿಡಿದ ಹಾಗೇ ನಿಂತರು. ನನ್ನ ಗಂಡ ಆ ತುದಿಯಿಂದ ಜೋರಾಗಿ ನಕ್ಕರು. "ಇವಳಿಗೆ ತಮಾಷೆ ಜಾಸ್ತಿ. ಸುಮ್ನೆ ನಿಮ್ಮನ್ನ ಆಟ ಆಡಿಸ್ತಿದ್ದಾಳೆ."

ಎಲ್ಲರೂ ನಕ್ಕರು. ನನ್ನ ಬಾಯಿಂದಲೇ ಬಂದ ಮಾತನ್ನೂ ಸುಳ್ಳು ಮಾಡಿಬಿಟ್ಟಿದ್ದರು. ನಾನು ತಟ್ಟೆ ಕೆಳಗಿಟ್ಟು ಅವರ ಹತ್ತಿರ ಹೋಗಿ ಕೈ ಚಾಚಿದೆ. "ಕಾರಿನ ಕೀ ಕೊಡಿ." ಅತ್ತುಕೊಂಡು ಕಾರಿನಲ್ಲಿ ಕೂರುತ್ತೇನೆಂದು ತಿಳಿದಿರಬೇಕು, ಕೊಟ್ಟರು.

ಬಳೆ ಲಂಗವನ್ನು ತಂದು ಬೇಸ್‌ಮೆಂಟಿನ ನಟ್ಟನಡುವೆ ಕಾರ್ಪೆಟ್ಟಿನ ಮೇಲಿಟ್ಟೆ. ಬಳೆಗಳೊಳಗೆ ಕಾಲಿಟ್ಟು, ಸೊಂಟಪಟ್ಟಿ ಹಿಡಿದು ಮೇಲಕ್ಕೆಳೆದೆ. ಅದು ಸೀರೆಯ ಮೇಲೆ ಸರಸರನೆ ಬಿಚ್ಚಿಕೊಂಡು ನಿಂತಿತು. ಲಾಡಿ ಬಿಗಿದು ಗಂಟು ಹಾಕಿದೆ. ನೆಲದ ಮೇಲೆ ಕೂತಿದ್ದ ಗಂಡಸರು ತಟ್ಟೆ ಎತ್ತಿಕೊಂಡು ಹಿಂದಕ್ಕೆ ಸರಿದರು. ಆ ಮನೆಯ ಪುಟ್ಟ ಹುಡುಗಿ ಕೂಗಿಕೊಂಡಳು. "ಮಾಮ್, ದಟ್ಸ್ ಹರ್! ದ ಹೂಪ್ ಲೇಡಿ!"

"ಅಯ್ಯೋ, ಹೌದಲ್ಲ!" ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನನ್ನ ಗಂಡನ ಕಡೆ ತಿರುಗಿದರು. "ಮತ್ತೆ ನೀವು ಅಲ್ಲ ಅಂದ್ರಲ್ಲ?"

ಕೋಣೆಗೆ ಕೋಣೆಯೇ ಅವರನ್ನು ನೋಡುತ್ತಿತ್ತು. ಈಗ ಒಂದು ಮಾತು ಸಾಕಾಗಿತ್ತು. ತಪ್ಪಾಯಿತು ಎಂದೂ ಅನ್ನಬೇಕಿರಲಿಲ್ಲ, ಹೌದು ಎಂದಿದ್ದರೆ ಆಗುತ್ತಿತ್ತು. ನಾನು ನಿಜವಾಗಿಯೂ ಕಾದೆ.

"ಏನ್ ಮಾಡೋದು ಹೇಳಿ, ಆ ವೇಷದಲ್ಲಿ ನಂಗೇ ಗುರುತು ಸಿಗ್ಲಿಲ್ಲ!"

ಮತ್ತೆ ನಗು. ಈ ಸಲದ ನಗು ಮನಸ್ಸು ಹಗುರಾದವರ ನಗು. ಹೆಂಡತಿಯ ಗುರುತು ಹಿಡಿಯದ ಗಂಡನ ಕತೆ ಎಲ್ಲರಿಗೂ ಹಿಡಿಸಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಯಾರೋ ನನ್ನ ಹೊಲಿಗೆಯನ್ನು ಹೊಗಳಿದರು, ಯಾರೋ ಮಗಳ ಫ್ಯಾನ್ಸಿ ಡ್ರೆಸ್ಸಿಗೆ ಒಂದು ಮಾಡಿಕೊಡಿ ಎಂದರು. ನಾನು ಲಾಡಿ ಬಿಚ್ಚಿದೆ. ಬಳೆಗಳು ಒಂದರ ಮೇಲೊಂದು ಕಾಲ ಸುತ್ತ ಕುಸಿದವು.

ವಾಪಸು ಬರುವಾಗ ಸೇತುವೆ ದಾಟಿದ ಮೇಲೆ ಅವರೇ ಮಾತು ತೆಗೆದರು. "ನೋಡು, ಕೊನೇಗೆ ಎಲ್ಲ ಸರಿ ಹೋಯ್ತು. ಇಬ್ಬರ ಮರ್ಯಾದೇನೂ ಉಳೀತು."

"ಅವತ್ತು ಮ್ಯೂಸಿಯಮ್ಮಲ್ಲಿ ನಾನು ನಕ್ಕಾಗ ನೀವು ತಲೆ ಆಡಿಸಿದ್ರಿ," ಅಂದೆ. "ಬಾಗಿಲಲ್ಲಿ ನಿಂತ್ಕೊಂಡು, ನನ್ನ ನೋಡಿ, ಬೇಡ ಅಂತ ತಲೆ ಆಡಿಸಿದ್ರಿ. ಗುರುತು ಸಿಕ್ಕಿತ್ತು."

ಅವರು ರೇಡಿಯೊ ಹಾಕಿದರು.

ಮುಂದಿನ ವಸಂತದಲ್ಲೂ ನಾನು ಅದೇ ವೇದಿಕೆಯ ಮೇಲೆ ನಿಂತೆ. ಅದರ ಮುಂದಿನ ವಸಂತದಲ್ಲೂ. ಬೆಳಿಗ್ಗೆ ಬ್ಯಾಗು ಹಿಡಿದು ಹೊರಟಾಗ ಎಲ್ಲಿಗೆ ಎಂದು ಅವರು ಕೇಳುತ್ತಿದ್ದರು. "ಕ್ಲಾಸಿಗೆ" ಎನ್ನುತ್ತಿದ್ದೆ.